ಆಕಾಶದಲ್ಲಿ ಮಾತು, ಮರುಮಾತು

ವಿಮಾನ ದುರಂತದ ವಾರ್ತೆ ಬಂದೊಡನೆ ಎಂಜಿನ್ ಕೆಟ್ಟಿತೇ, ಮಂಜು ಕವಿದಿತ್ತೇ ಎಂದು ನಾವು ವಿಚಾರಿಸುತ್ತೇವೆ. ಮಾತು ಕೆಟ್ಟಿತೇ ಎಂದು ಕೇಳುವವರು ವಿರಳ. ಆದರೆ ವಿಮಾನಯಾನದ ಇತಿಹಾಸವನ್ನು ಓದುತ್ತ ಹೋದಂತೆ, ಯಂತ್ರಗಳೆಲ್ಲ ಸುಸ್ಥಿತಿಯಲ್ಲಿದ್ದೂ ಒಂದು ಮಾತು ತಲುಪದೆ ಹೋದುದರಿಂದ ನೂರಾರು ಜನ ಮಡಿದ ಪ್ರಸಂಗಗಳು ಎದುರಾಗುತ್ತವೆ. ಜೀವಮಾನವೆಲ್ಲ ತರಗತಿಯಲ್ಲಿ ಮಾತನ್ನೇ ನಂಬಿ ದುಡಿದ ನನ್ನಂತಹ ಉಪಾಧ್ಯಾಯನಿಗೆ ಇದು ಸಹಜವಾಗಿಯೇ ಕುತೂಹಲದ ವಿಷಯ.

ಪೈಲಟ್ ಮತ್ತು ನೆಲದ ಮೇಲಿನ ಸಂಚಾರ ನಿಯಂತ್ರಕ ಬಹುಪಾಲು ಒಬ್ಬರ ಮುಖವನ್ನೊಬ್ಬರು ಕಾಣದವರು. ಅವರ ನಡುವೆ ಇರುವುದು ರೇಡಿಯೋ ಧ್ವನಿ ಮಾತ್ರ. ಒಂದೇ ತರಂಗದಲ್ಲಿ ಹಲವು ವಿಮಾನಗಳು ಕಾದಿರುತ್ತವೆ. ಒಮ್ಮೆಗೆ ಒಬ್ಬರು ಮಾತ್ರ ಮಾತನಾಡಬಹುದು. ಇಬ್ಬರು ಏಕಕಾಲಕ್ಕೆ ಗುಂಡಿ ಒತ್ತಿದರೆ ಉಳಿದವರಿಗೆ ಕೇಳಿಸುವುದು ಕೀರಲು ಸದ್ದು. ಆದ್ದರಿಂದಲೇ, ನಿಯಂತ್ರಕ ಕೊಟ್ಟ ಅಪ್ಪಣೆಯಲ್ಲಿನ ಎತ್ತರ, ದಿಕ್ಕು, ರನ್‌ವೇ ಸಂಖ್ಯೆಗಳನ್ನು ಪೈಲಟ್ ತನ್ನ ಬಾಯಿಂದ ಮರಳಿ ಹೇಳಬೇಕು. ನಿಯಂತ್ರಕ ಅದನ್ನು ಆಲಿಸಿ, ತಪ್ಪಿದ್ದರೆ ತಿದ್ದಬೇಕು ಎಂಬ ನಿಯಮವಿದೆ. ನಮ್ಮ ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕಿಸಿದವರಿಗೆ ಈ ಕ್ರಮ ಹೊಸದಲ್ಲ. ಬರೆದುಕೊಟ್ಟ ಮಾತ್ರಕ್ಕೆ ಅಚ್ಚಾಗುವುದಿಲ್ಲ. ಪ್ರೂಫ್ ತರಿಸಿ, ತಿಥಿ ನಕ್ಷತ್ರ ಮುಹೂರ್ತಗಳನ್ನು ಮತ್ತೊಮ್ಮೆ ಓದಿ ಒಪ್ಪಿದ ಮೇಲೆಯೇ ಯಂತ್ರ ತಿರುಗುವುದು. ಆಕಾಶದ ಮರುಮಾತು ಸಹ ಅಂತಹ ಪ್ರೂಫ್. ಫೈವ್ ಮತ್ತು ನೈನ್ ಎಂಬ ಅಂಕಿಗಳು ಕಿವಿಗೆ ಒಂದೇ ಎನಿಸಬಾರದೆಂದು 'ಫೈಫ್', 'ನೈನರ್' ಎಂದು ಉಚ್ಚರಿಸುವ ಪದ್ಧತಿಯೂ ಈ ಎಚ್ಚರಿಕೆಯಿಂದಲೇ ಹುಟ್ಟಿತು.

ಈ ಎಚ್ಚರಿಕೆ ತಪ್ಪಿದರೆ ಏನಾದೀತೆಂಬುದಕ್ಕೆ ೧೯೭೭ರ ಮಾರ್ಚ್ ೨೭ ಸಾಕ್ಷಿ. ಸ್ಪೇನಿಗೆ ಸೇರಿದ ಟೆನೆರಿಫೆ ದ್ವೀಪದಲ್ಲಿ ಮಂಜು ಕವಿದಿತ್ತು. ಡಚ್ ಪೈಲಟ್ ಟೇಕಾಫ್‌ಗೆ ಅನುಮತಿ ದೊರೆಯಿತೆಂದು ಭಾವಿಸಿ ಹೊರಟೇಬಿಟ್ಟರು. ಅವರ ಅಸ್ಪಷ್ಟ ವಾಕ್ಯಕ್ಕೆ ನಿಯಂತ್ರಕರು ಮೊದಲು ಹೇಳಿದ್ದು 'ಓಕೆ'. ಬಳಿಕ 'ಕಾದಿರಿ' ಎಂದರಾದರೂ, ಅದೇ ಗಳಿಗೆಯಲ್ಲಿ ರನ್‌ವೇ ಮೇಲೆಯೇ ಇದ್ದ ಪ್ಯಾನ್ ಆಮ್ ವಿಮಾನದವರೂ ಮಾತನಾಡಿದುದರಿಂದ ಎರಡೂ ಎಚ್ಚರಿಕೆಗಳು ಕೀರಲು ಸದ್ದಿನಲ್ಲಿ ಕರಗಿದವು. ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ ೫೮೩ ಮಂದಿ ಸತ್ತರು. ಅಂದಿನಿಂದ ಟೇಕಾಫ್ ಎಂಬ ಶಬ್ದವನ್ನು ನಿಜವಾಗಿ ಅನುಮತಿ ಕೊಡುವಾಗ ಅಥವಾ ಹಿಂತೆಗೆಯುವಾಗ ಮಾತ್ರ ಬಳಸಬೇಕೆಂಬ ಕಟ್ಟುಪಾಡು ಬಂದಿತು.

ನಮ್ಮ ದೇಶದ ಘೋರ ಪ್ರಸಂಗ ೧೯೯೬ರ ನವೆಂಬರ್ ೧೨ರದು. ದೆಹಲಿಗೆ ಇಳಿಯುತ್ತಿದ್ದ ಕಜಾಕಿಸ್ತಾನದ ವಿಮಾನಕ್ಕೆ ೧೫,೦೦೦ ಅಡಿಯಲ್ಲಿರಲು ಅಪ್ಪಣೆಯಾಗಿತ್ತು. ಎದುರಿನಿಂದ ೧೪,೦೦೦ ಅಡಿಯಲ್ಲಿ ಸೌದಿ ವಿಮಾನ ಬರುತ್ತಿತ್ತು. ಕಜಾಕ್ ವಿಮಾನ ಅಪ್ಪಣೆ ಮೀರಿ ಕೆಳಗಿಳಿಯಿತು. ಹರಿಯಾಣದ ಚರ್ಖಿ ದಾದ್ರಿಯ ಹೊಲಗಳ ಮೇಲೆ ೩೪೯ ಜನರೂ ಅಳಿದರು. ನ್ಯಾಯಮೂರ್ತಿ ಲಾಹೋಟಿಯವರ ಆಯೋಗ ಕಜಾಕ್ ಸಿಬ್ಬಂದಿಯ ಇಂಗ್ಲಿಷ್ ಜ್ಞಾನದ ಕೊರತೆಯನ್ನು ಎತ್ತಿ ತೋರಿಸಿತು. ನಿಯಂತ್ರಕರೊಡನೆ ಮಾತನಾಡುತ್ತಿದ್ದವನು ರೇಡಿಯೋ ಆಪರೇಟರ್. ವಿಮಾನ ನಡೆಸುತ್ತಿದ್ದವರು ಬೇರೆಯವರು. ಮಾತು ಕೇಳಿದ ಕಿವಿಗೂ ಚಾಲನೆಯ ಕೈಗೂ ನಡುವೆ ಒಂದು ಅಂತರವಿತ್ತು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಮುಂದೆ ಪೈಲಟರಿಗೂ ನಿಯಂತ್ರಕರಿಗೂ ಭಾಷಾ ಪರೀಕ್ಷೆಯನ್ನು ಕಡ್ಡಾಯಗೊಳಿಸಿದುದರ ಹಿಂದೆ ಇಂತಹ ದುರಂತಗಳ ನೆನಪಿದೆ.

ಹಾಗಾದರೆ ಎಲ್ಲರೂ ಒಳ್ಳೆಯ ಇಂಗ್ಲಿಷ್ ಕಲಿತರೆ ಸಾಕೇ? ಸಾಲದು ಎಂಬುದನ್ನು ನಮ್ಮ ಮಂಗಳೂರು ತೋರಿಸಿಕೊಟ್ಟಿತು. ೨೦೧೦ರ ಮೇ ೨೨ರ ಬೆಳಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ಗುಡ್ಡದ ಮೇಲಿನ ರನ್‌ವೇ ದಾಟಿ ಕಮರಿಗೆ ಉರುಳಿತು. ೧೫೮ ಮಂದಿ ಮಡಿದರು, ಎಂಟು ಜನ ಮಾತ್ರ ಉಳಿದರು. ಅಂದು ಅಲ್ಲಿನ ರೇಡಾರ್ ಕೆಟ್ಟು ನಿಂತಿತ್ತು; ಪೈಲಟರ ಮಾತೇ ನಿಯಂತ್ರಕರಿಗೆ ಕಣ್ಣಾಗಿತ್ತು. ವಿಮಾನ ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿತ್ತು. ಇಳಿಯುವ ಪಥಕ್ಕೆ ಸರಿಯಾಗಿ ಸೇರಿದಿರಾ ಎಂದು ಗೋಪುರದಿಂದ ಪ್ರಶ್ನೆ ಬಂದಿತು. ಕ್ಯಾಪ್ಟನ್ ಒತ್ತಾಯದಿಂದ ಹೇಳಿಸಿದಂತೆ ತೋರುತ್ತದೆ ಎಂದು ತನಿಖಾ ನ್ಯಾಯಾಲಯ ಅಭಿಪ್ರಾಯಪಟ್ಟ ಉತ್ತರವನ್ನು ಸಹಪೈಲಟ್ ಕೊಟ್ಟರು: ಹೌದು. ಗೋಪುರ ಅನುಮತಿ ಕೊಟ್ಟಿತು. ಇಳಿಯದೆ ಮೇಲೇರೋಣವೆಂದು ಅದೇ ಸಹಪೈಲಟ್ ಮೂರು ಬಾರಿ ಎಚ್ಚರಿಸಿದುದನ್ನು ಕ್ಯಾಪ್ಟನ್ ಕಿವಿಗೆ ಹಾಕಿಕೊಳ್ಳಲಿಲ್ಲ.

'ಅರ್ಥವಾಯಿತೇ?' ಎಂದು ಕೇಳಿದರೆ ಇಡೀ ತರಗತಿ 'ಆಯಿತು ಸಾರ್' ಎನ್ನುತ್ತದೆ. ಆ ಸಾಮೂಹಿಕ ಸ್ವರದಿಂದ ಯಾವುದೂ ಸಿದ್ಧವಾಗುವುದಿಲ್ಲವೆಂದು ಪ್ರತಿಯೊಬ್ಬ ಉಪಾಧ್ಯಾಯನಿಗೂ ಗೊತ್ತು. ಹಿರಿಯರ ಎದುರು 'ಇಲ್ಲ' ಎನ್ನಲು ಸಂಕೋಚ. ಆ ಸಂಕೋಚ ವಿಮಾನದ ಕಾಕ್‌ಪಿಟ್‌ನಲ್ಲಿಯೂ ಉಂಟು. ಬಜ್ಪೆಯಲ್ಲಿ ಎಲ್ಲರಿಗೂ ಇಂಗ್ಲಿಷ್ ಬರುತ್ತಿತ್ತು. ಕಿರಿಯನ ಮಾತಿಗೆ ಬೆಲೆ ಮಾತ್ರ ಇರಲಿಲ್ಲ.

ಇನ್ನೊಂದು ಘಟನೆ ನಮ್ಮ ಬೆಂಗಳೂರಿನದೇ. ೨೦೦೮ರಲ್ಲಿ ದೇವನಹಳ್ಳಿಯ ನಿಲ್ದಾಣ ಆರಂಭವಾಯಿತು. ೨೦೧೯ರಲ್ಲಿ ಅಲ್ಲಿ ಎರಡನೆಯ ರನ್‌ವೇ ತೆರೆಯಿತು. ೨೦೨೨ರ ಜನವರಿ ೭ರ ಬೆಳಗ್ಗೆ ಉತ್ತರದ ರನ್‌ವೇಯಿಂದ ವಿಮಾನಗಳು ಹೊರಡುತ್ತಿದ್ದವು, ದಕ್ಷಿಣದ್ದರಲ್ಲಿ ಇಳಿಯುತ್ತಿದ್ದವು. ಪಾಳಿಯ ಮುಖ್ಯಸ್ಥರು ದಕ್ಷಿಣದ್ದನ್ನು ಮುಚ್ಚಿ, ಉತ್ತರದ್ದೊಂದನ್ನೇ ಬಳಸಲು ತೀರ್ಮಾನಿಸಿದರು. ಆ ತೀರ್ಮಾನ ದಕ್ಷಿಣದ ನಿಯಂತ್ರಕರಿಗೆ ತಿಳಿಯಲಿಲ್ಲ. ಅವರು ಕೋಲ್ಕತ್ತಕ್ಕೆ ಹೊರಟ ಇಂಡಿಗೋ ವಿಮಾನಕ್ಕೆ ಅನುಮತಿ ಕೊಟ್ಟರು. ಅದೇ ಹೊತ್ತಿಗೆ ಉತ್ತರದವರು ಭುವನೇಶ್ವರಕ್ಕೆ ಹೊರಟ ಇನ್ನೊಂದು ಇಂಡಿಗೋ ವಿಮಾನಕ್ಕೆ ಕೊಟ್ಟರು. ಎರಡೂ ಮೇಲೇರುತ್ತ ಪರಸ್ಪರ ಹತ್ತಿರ ಸರಿದವು. ರೇಡಾರ್ ಮುಂದೆ ಕುಳಿತಿದ್ದ ನಿಯಂತ್ರಕರು ಕಂಡು, ದಿಕ್ಕು ಬದಲಿಸುವಂತೆ ತಕ್ಷಣ ಹೇಳಿದರು. ನಾನೂರಕ್ಕೂ ಹೆಚ್ಚು ಜೀವಗಳು ಉಳಿದವು.

ಇಲ್ಲಿ ಭಾಷೆಯ ತೊಡಕಿರಲಿಲ್ಲ. ಪೈಲಟರಿಬ್ಬರಿಗೂ ಅನುಮತಿ ಇದ್ದೇ ಇತ್ತು. ಕೂಗಳತೆಯಲ್ಲಿ ಕೆಲಸ ಮಾಡುವವರ ನಡುವೆ ಒಂದು ಮಾತು ದಾಟಲಿಲ್ಲ, ಅಷ್ಟೆ. ಅದಕ್ಕಿಂತ ಹೆಚ್ಚು ಆತಂಕದ ಸಂಗತಿಯೆಂದರೆ, ಈ ಘಟನೆಯನ್ನು ಅಂದು ದಿನಚರಿ ಪುಸ್ತಕದಲ್ಲಿ ದಾಖಲಿಸಿರಲೇ ಇಲ್ಲವೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಪ್ರಾಥಮಿಕ ವರದಿ ತಿಳಿಸಿದುದು. ಟೆನೆರಿಫೆ, ಚರ್ಖಿ ದಾದ್ರಿಗಳಿಂದ ಜಗತ್ತು ಪಾಠ ಕಲಿತದ್ದು ಅವು ಬರಹಕ್ಕಿಳಿದುದರಿಂದ. ಯಾರೂ ಸಾಯದ ಘಟನೆಯನ್ನು ಬರೆದಿಡದಿದ್ದರೆ ಅದರ ಪಾಠ ಕಲಿಯಲು ಮುಂದೊಂದು ದಿನ ಜನ ಸಾಯಬೇಕಾಗುತ್ತದೆ.

ಓದುಗ ಮಿತ್ರರೇ, ಇಂದು ನಮ್ಮ ಪೇಟೆಯ ಮನೆಗಳಿಂದಲೂ ಮಕ್ಕಳು ಮೊಮ್ಮಕ್ಕಳು ವಿಮಾನವೇರಿ ದೂರದೂರಕ್ಕೆ ಹೋಗಿಬರುತ್ತಾರೆ. ಅವರನ್ನು ಕಾಯುವುದು ಎಂಜಿನ್ ಮಾತ್ರವಲ್ಲ. ಹೇಳಿದ್ದನ್ನು ಮರಳಿ ಹೇಳಿಸುವ ತಾಳ್ಮೆ, 'ಇಲ್ಲ' ಎನ್ನುವ ಕಿರಿಯನ ಧೈರ್ಯ, ಅದನ್ನು ಆಲಿಸುವ ಹಿರಿಯನ ವಿನಯ: ಇವೂ ಅವರ ಜೊತೆಯಲ್ಲಿ ಹಾರಬೇಕು.