ರೈಲು ಕಂಪನಿ ನಡೆಸಿದ ದೋಣಿ ಪಂದ್ಯ

ಅಮೆರಿಕದಲ್ಲಿ ಕಾಲೇಜು ಕ್ರೀಡೆ ಎಂದರೆ ಬರಿಯ ಆಟವಲ್ಲ, ಭಾರಿ ವ್ಯವಹಾರ. ಟೆಲಿವಿಷನ್ ಪ್ರಸಾರ, ಟಿಕೆಟ್ ಮಾರಾಟ, ಜಾಹೀರಾತುಗಳಿಂದ ಕೋಟ್ಯಂತರ ಡಾಲರ್ ಹರಿದುಬರುತ್ತದೆ. ವಿದ್ಯಾರ್ಥಿಗಳ ಆಟಕ್ಕೆ ಹಣದ ನಂಟು ಅಂಟಿದ್ದು ಯಾವಾಗ? ಹಿಂದೆ ಎಲ್ಲವೂ ಶುದ್ಧವಾಗಿತ್ತು, ಈಚೆಗಷ್ಟೇ ಕೆಟ್ಟಿತು ಎಂಬುದು ಹಲವರ ನಂಬಿಕೆ. ಇತಿಹಾಸ ಹೇಳುವುದೇ ಬೇರೆ. ಆ ದೇಶದಲ್ಲಿ ಎರಡು ಕಾಲೇಜುಗಳ ನಡುವೆ ನಡೆದ ಮೊಟ್ಟಮೊದಲ ಕ್ರೀಡಾ ಸ್ಪರ್ಧೆಯ ಖರ್ಚನ್ನು ಪೂರ್ತಿ ವಹಿಸಿಕೊಂಡದ್ದು ಒಂದು ರೈಲು ಕಂಪನಿ.

ಅದು ದೋಣಿ ಪಂದ್ಯ. ಹಾರ್ವರ್ಡ್ ಮತ್ತು ಯೇಲ್ ಕಾಲೇಜುಗಳ ತಂಡಗಳ ನಡುವೆ 1852ರ ಆಗಸ್ಟ್ 3ರಂದು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ವಿನ್ನಿಪಸಾಕಿ ಸರೋವರದಲ್ಲಿ ನಡೆಯಿತು. ಯೇಲ್ ವಿದ್ಯಾರ್ಥಿಗಳು 1843ರಲ್ಲಿ, ಹಾರ್ವರ್ಡ್‌ನವರು 1844ರಲ್ಲಿ ದೋಣಿ ಸಂಘ ಕಟ್ಟಿಕೊಂಡಿದ್ದರು. ಆದರೆ ಪರಸ್ಪರ ಸೆಣಸಿರಲಿಲ್ಲ. ತಮ್ಮ ಊರಿನ ನೀರನ್ನು ಬಿಟ್ಟು ಅಷ್ಟು ದೂರದ ಬೆಟ್ಟದ ಸರೋವರಕ್ಕೆ ಅವರು ಹೋದದ್ದೇಕೆ?

ಉತ್ತರ ಆ ಸರೋವರದ ನೆಲೆಯಲ್ಲೇ ಇದೆ. ವೈಟ್ ಮೌಂಟನ್ಸ್ ಎಂಬ ಪರ್ವತ ಶ್ರೇಣಿಯ ದಕ್ಷಿಣಕ್ಕಿರುವ ವಿನ್ನಿಪಸಾಕಿ, ಹಿಮಯುಗದ ಹಿಮನದಿಗಳು ರೂಪಿಸಿದ ವಿಶಾಲ ಜಲರಾಶಿ. ಅದರಲ್ಲಿ 250ಕ್ಕೂ ಹೆಚ್ಚು ದ್ವೀಪಗಳಿವೆ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುತ್ತದೆ. ವಸಂತದಲ್ಲಿ ಮಂಜುಗಡ್ಡೆ ಕರಗಿದ ಮೇಲೆಯೇ ದೋಣಿ ಓಡಾಟ. ಹೀಗಾಗಿ ಪ್ರವಾಸಿಗರು ಬರುವುದು ಹೆಚ್ಚಾಗಿ ಬೇಸಿಗೆಯಲ್ಲಿ. ಬಾಸ್ಟನ್, ಕಾಂಕರ್ಡ್ ಅಂಡ್ ಮಾಂಟ್ರಿಯಲ್ ರೈಲು ಕಂಪನಿ 1840ರ ದಶಕದ ಕೊನೆಯಲ್ಲಷ್ಟೇ ಸರೋವರದ ದಡಕ್ಕೆ ಹಳಿ ಹಾಕಿತ್ತು. ಹಳಿ ಹಾಕಿದರೆ ಸಾಲದು, ಗಾಡಿ ತುಂಬಬೇಕಲ್ಲ!

ಕಂಪನಿಯ ಅಧಿಕಾರಿ ಜೇಮ್ಸ್ ಎಲ್ಕಿನ್ಸ್ ಇದಕ್ಕೆ ಉಪಾಯ ಕಂಡುಕೊಂಡರು. ಯೇಲ್ ದೋಣಿ ತಂಡದ ಜೇಮ್ಸ್ ವಿಟನ್ ಎಂಬ ವಿದ್ಯಾರ್ಥಿಯ ಜೊತೆ ಮಾತನಾಡುತ್ತ, ಸರೋವರದಲ್ಲಿ ಎರಡು ಕಾಲೇಜುಗಳ ಪಂದ್ಯ ಏರ್ಪಡಿಸಿದರೆ ಖರ್ಚೆಲ್ಲ ತಮ್ಮದೆಂದರು. ರೈಲಿನ ಪ್ರಯಾಣ, ಊಟ, ವಸತಿ ಎಲ್ಲವೂ ಬಿಟ್ಟಿ. ಸುಮಾರು ಎಂಟು ದಿನಗಳ ವಿಹಾರ. ಹುಡುಗರಿಗೆ ಇದು ಬಯಸದೇ ಬಂದ ಭಾಗ್ಯ.

ಅವರು ಅದನ್ನು ವಿಹಾರವೆಂದೇ ಬಗೆದರು. ಅಂಗೈಯಲ್ಲಿ ಬೊಬ್ಬೆ ಎದ್ದೀತೆಂದು ಹಾರ್ವರ್ಡ್ ತಂಡದವರು ಹೆಚ್ಚು ಅಭ್ಯಾಸವನ್ನೇ ಮಾಡಲಿಲ್ಲವಂತೆ. ಸರೋವರದ ಉತ್ತರ ತುದಿಯ ಸೆಂಟರ್ ಹಾರ್ಬರ್‌ನಲ್ಲಿ ಪಂದ್ಯ; ದೂರ ಎರಡು ಮೈಲಿ, ಅಂದರೆ ಸುಮಾರು 3.2 ಕಿಲೋಮೀಟರ್. ಹಾರ್ವರ್ಡ್‌ನ 'ಒನೈಡಾ' ದೋಣಿ ಯೇಲ್‌ನ ದೋಣಿಗಳನ್ನು ಹಿಂದೆ ಹಾಕಿ ಗೆದ್ದಿತು. ಗೆದ್ದವರಿಗೆ ಬೆಳ್ಳಿಯ ಅಲಂಕಾರವಿದ್ದ ಕಪ್ಪು ವಾಲ್‌ನಟ್ ಮರದ ಹುಟ್ಟುಗಳ ಜೋಡಿ ಬಹುಮಾನ. ನೋಡಲು ನೆರೆದ ಗಣ್ಯರಲ್ಲಿ ಅದೇ ರಾಜ್ಯದ ಫ್ರಾಂಕ್ಲಿನ್ ಪಿಯರ್ಸ್ ಕೂಡ ಇದ್ದರು. ಅದೇ ನವೆಂಬರ್‌ನಲ್ಲಿ ಅವರು ರಾಷ್ಟ್ರಾಧ್ಯಕ್ಷರಾಗಿ ಆಯ್ಕೆಯಾದರು. ಕಂಪನಿಗೆ ಬೇಕಿದ್ದ ಪ್ರಚಾರ ದೊರೆಯಿತು.

ಇಂಗ್ಲೆಂಡಿನಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ತಂಡಗಳು 1829ರಲ್ಲೇ ಸ್ಪರ್ಧಿಸಿದ್ದವು. ಅಲ್ಲಿ ಸವಾಲು ಹಾಕಿದವರು ವಿದ್ಯಾರ್ಥಿಗಳು. ಇಲ್ಲಿ ಆಹ್ವಾನ ಬಂದದ್ದು ವ್ಯಾಪಾರದ ಕಡೆಯಿಂದ. ಈ ವ್ಯತ್ಯಾಸ ಸಣ್ಣದಲ್ಲ.

ಹಣದ ಹಿಂದೆಯೇ ಗೆಲುವಿನ ಹಟವೂ ಬಂತು. 1855ರಲ್ಲಿ ಇದೇ ತಂಡಗಳು ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಎರಡನೆಯ ಸಲ ಎದುರಾದಾಗ, ಆಗಲೇ ಪದವಿ ಮುಗಿಸಿದ್ದವನೊಬ್ಬ ಹಾರ್ವರ್ಡ್ ದೋಣಿಯ ಚುಕ್ಕಾಣಿ ಹಿಡಿದಿದ್ದ. ವಿದ್ಯಾರ್ಥಿಯಲ್ಲದವನು ಆಡಬಹುದೇ ಎಂಬ ತಕರಾರು ಎದ್ದಿತು. ಮುಂದೆ 1859ರಲ್ಲಿ ಬೇಸ್‌ಬಾಲ್, 1869ರಲ್ಲಿ ಫುಟ್‌ಬಾಲ್ ಕಾಲೇಜು ಪಂದ್ಯಗಳ ಸಾಲಿಗೆ ಸೇರಿದವು. ಕಾಲೇಜು ಕ್ರೀಡೆ ವ್ಯಾಪಾರವಾಗುತ್ತಿದೆ ಎಂದು ಕಾರ್ನೆಗಿ ಪ್ರತಿಷ್ಠಾನದ ವರದಿ ಎಚ್ಚರಿಸಿದ್ದು 1929ರಲ್ಲಿ. ಅಷ್ಟರಲ್ಲಿ ಮೊದಲ ಪಂದ್ಯ ಮುಗಿದು 77 ವರ್ಷಗಳಾಗಿದ್ದವು.

ಇಷ್ಟಾದರೂ ಆಟಗಾರ ಮಾತ್ರ ಹಣ ಮುಟ್ಟಬಾರದೆಂಬ ನಿಯಮ ದಶಕಗಳ ಕಾಲ ನಡೆಯಿತು. ಸಂಸ್ಥೆಗಳು ಗಳಿಸಬಹುದು, ಬೆವರು ಸುರಿಸಿದವನು ವಿದ್ಯಾರ್ಥಿವೇತನದಲ್ಲೇ ತೃಪ್ತನಾಗಬೇಕು ಎಂಬುದು ಇದರ ತಾತ್ಪರ್ಯ. ತಮ್ಮ ಹೆಸರು ಮತ್ತು ಚಿತ್ರದ ಬಳಕೆಯಿಂದ ಗಳಿಸಲು ಆಟಗಾರರಿಗೆ ಅನುಮತಿ ಸಿಕ್ಕಿದ್ದು 2021ರ ಜುಲೈನಲ್ಲಿ. ವಿಶ್ವವಿದ್ಯಾಲಯಗಳೇ ಅವರಿಗೆ ನೇರವಾಗಿ ಹಣ ಕೊಡಲು ಅವಕಾಶ ನೀಡುವ ಒಪ್ಪಂದಕ್ಕೆ 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿಗೆ ಕೊಟ್ಟಿತು.

ಇದರಿಂದ ಕಾಲೇಜು ಕ್ರೀಡೆಯ ಪಾವಿತ್ರ್ಯ ಹಾಳಾಯಿತೆಂದು ಮರುಗುವವರಿದ್ದಾರೆ. ಅವರು ವಿನ್ನಿಪಸಾಕಿಯನ್ನು ನೆನೆಯುವುದು ಒಳ್ಳೆಯದು. ಅಲ್ಲಿ ಹುಟ್ಟು ಹಾಕಿದವರು ವಿದ್ಯಾರ್ಥಿಗಳಾದರೂ ಟಿಕೆಟ್ ಮಾರಿದವರು ಬೇರೆಯೇ ಆಗಿದ್ದರು. ಆಟದಲ್ಲಿ ಹಣ ಇರಬೇಕೇ ಎಂಬ ಪ್ರಶ್ನೆ ಅಂದೇ ಇತ್ಯರ್ಥವಾಗಿತ್ತು. ಅದರಲ್ಲಿ ಆಟಗಾರನ ಪಾಲೆಷ್ಟು ಎಂಬುದಷ್ಟೇ ಇತ್ಯರ್ಥವಾಗದೆ ಉಳಿದಿತ್ತು.