ಬಾಲ್ಕನಿಯಲ್ಲಿ ಕೂತು ಜಗಳವಾಡಿದವರು

ಸಿನಿಮಾ ವಿಮರ್ಶೆಯೆಂದರೆ ಬರೆಯುವ ಕೆಲಸ ಎಂದು ನಂಬಿದವರಲ್ಲಿ ನಾನೂ ಒಬ್ಬ. ಹಾಗಿದ್ದೂ ಅಮೆರಿಕದ ರೋಜರ್ ಈಬರ್ಟ್ ಬಗ್ಗೆ ಯೋಚಿಸುವಾಗಲೆಲ್ಲ ನನಗೆ ಮೊದಲು ನೆನಪಾಗುವುದು ಅವರ ಬರಹವಲ್ಲ, ಜಗಳ. ಹಳೆಯ ಕಂತುಗಳನ್ನು ಅಂತರ್ಜಾಲದಲ್ಲಿ ಹುಡುಕಿ ನೋಡುವ ಚಟ ನನಗಿದೆ. ಚಿತ್ರಮಂದಿರದ ಬಾಲ್ಕನಿಯಂತೆ ಕಟ್ಟಿದ ಸೆಟ್ಟಿನಲ್ಲಿ ಸ್ವಲ್ಪ ದಪ್ಪಗಿನ ಕನ್ನಡಕದ ಈಬರ್ಟ್, ಪಕ್ಕದಲ್ಲಿ ಎತ್ತರದ, ನೆತ್ತಿ ಬೋಳಾಗುತ್ತಿರುವ ಜೀನ್ ಸಿಸ್ಕೆಲ್. ಒಬ್ಬರು ಹೊಗಳಿದ್ದನ್ನು ಇನ್ನೊಬ್ಬರು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ.

ಇಬ್ಬರೂ ಶಿಕಾಗೋ ನಗರದ ಎದುರಾಳಿ ಪತ್ರಿಕೆಗಳವರು. ಈಬರ್ಟ್ 1967ರಿಂದ ‘ಸನ್-ಟೈಮ್ಸ್’ನಲ್ಲಿ, ಸಿಸ್ಕೆಲ್ 1969ರಿಂದ ‘ಟ್ರಿಬ್ಯೂನ್’ನಲ್ಲಿ. ಪರಸ್ಪರ ಮಾತೂ ಅಷ್ಟಕ್ಕಷ್ಟೆ. ಇಂಥವರನ್ನು 1975ರಲ್ಲಿ ಎದುರುಬದುರು ಕೂರಿಸಿದ್ದು ಅಲ್ಲಿನ ಸಾರ್ವಜನಿಕ ವಾಹಿನಿ ಡಬ್ಲ್ಯೂಟಿಟಿಡಬ್ಲ್ಯೂ. ಅದೇ ವರ್ಷ ಈಬರ್ಟ್‌ಗೆ ವಿಮರ್ಶೆಗಾಗಿ ಪುಲಿಟ್ಜರ್ ಪ್ರಶಸ್ತಿ ಬಂತು. ಸಿನಿಮಾ ವಿಮರ್ಶಕನೊಬ್ಬನಿಗೆ ಅದು ಸಿಕ್ಕಿದ್ದು ಅದೇ ಮೊದಲು. ಸಾರ್ವಜನಿಕ ವಾಹಿನಿ ಎಂದಾಕ್ಷಣ ನಮ್ಮ ದೂರದರ್ಶನವನ್ನು ಕಲ್ಪಿಸಿಕೊಳ್ಳಬೇಡಿ. ಅಲ್ಲಿ ಆಗ ಸರ್ಕಾರದ ಹಣ ಒಂದು ಪಾಲು ಮಾತ್ರ ಇರುತ್ತಿತ್ತು, ಉಳಿದದ್ದಕ್ಕೆ ನೋಡುಗರ ಮುಂದೆಯೇ ಚಂದಾ ಕೇಳಬೇಕಿತ್ತು. ಮನೆಮನೆಗೆ ಹೋಗಿ ಗಣಪತಿ ಕೂರಿಸಲು ವಂತಿಗೆ ಎತ್ತುವ ಹಾಗೆ.

ಮೊದಲ ಕಂತುಗಳಲ್ಲಿ ಇಬ್ಬರೂ ಮರಗಟ್ಟಿದಂತೆ ಕೂತಿದ್ದರು. ಆಮೇಲೆ ‘ಸ್ನೀಕ್ ಪ್ರಿವ್ಯೂಸ್’ ಎಂದು ಹೆಸರು ಬದಲಾಯಿತು. ನಿರ್ಮಾಪಕಿ ಥಿಯಾ ಫ್ಲಾಮ್ ಕೈಯಲ್ಲಿ ಅದು ಹದಕ್ಕೆ ಬಂದು, ಪಿಬಿಎಸ್ ಮೂಲಕ ದೇಶವೆಲ್ಲ ನೋಡುವ ಕಾರ್ಯಕ್ರಮವಾಯಿತು. ವಾರದ ಕೆಟ್ಟ ಚಿತ್ರವನ್ನು ಘೋಷಿಸಲು ಬೊಗಳುವ ನಾಯಿಯೊಂದೂ ಇತ್ತು! ಗಂಭೀರ ವಿಮರ್ಶಕರು ಹುಬ್ಬು ಗಂಟಿಕ್ಕಿದ್ದರೆ ಆಶ್ಚರ್ಯವಿಲ್ಲ.

ಆದರೆ ಅದೇ ನಾಯಿಯ ಪಕ್ಕದಲ್ಲಿ ಏನೆಲ್ಲ ನಡೆಯಿತು ನೋಡಿ. 1980ರಲ್ಲಿ ಇಬ್ಬರೂ ಸೇರಿ ಹೆಂಗಸರನ್ನು ಅಟ್ಟಾಡಿಸಿ ಕೊಲ್ಲುವ ಚಿತ್ರಗಳ ಬಗ್ಗೆಯೇ ಒಂದು ಇಡೀ ಕಂತು ಮಾಡಿದರು. ಅವರ ತಕರಾರು ರಕ್ತದ ಬಗ್ಗೆ ಆಗಿರಲಿಲ್ಲ. ಕ್ಯಾಮೆರಾ ಕೊಲೆಗಾರನ ಕಣ್ಣಾಗಿ ನಿಂತಾಗ ನೋಡುಗ ಯಾರ ಪಕ್ಷದಲ್ಲಿರುತ್ತಾನೆ ಎಂಬುದು ಅವರ ಪ್ರಶ್ನೆ. ಹೆಣ್ಣುಮಕ್ಕಳು ಸ್ವತಂತ್ರವಾಗಿ ಬದುಕಲು ಹೊರಟದ್ದಕ್ಕೆ ಈ ಚಿತ್ರಗಳು ತೀರಿಸಿಕೊಳ್ಳುತ್ತಿರುವ ಸೇಡು ಇದು ಎಂದರು. ಅದೇ ಬಗೆಯ ‘ಹ್ಯಾಲೋವೀನ್’ ಚಿತ್ರವನ್ನು ಮಾತ್ರ ಬೇರೆಯಾಗಿಟ್ಟು ಮೆಚ್ಚಿದರು. ಕ್ಯಾಮೆರಾ ಎಲ್ಲಿ ನಿಂತಿದೆ ಎಂಬುದು ನೈತಿಕ ಪ್ರಶ್ನೆ ಎಂದು ತರಗತಿಯಲ್ಲಿ ಹೇಳುವುದು ಸುಲಭ. ಮನೆಯ ಸೋಫಾದಲ್ಲಿ ಕೂತವರಿಗೆ ತುಣುಕು ತೋರಿಸಿ ಮನಗಾಣಿಸುವುದು ಬೇರೆಯದೇ ವಿದ್ಯೆ. ಹಾಗೆಯೇ ಇಬ್ಬರು ಗೆಳೆಯರು ಊಟದ ಮೇಜಿನಲ್ಲಿ ಮಾತಾಡುವುದಷ್ಟೇ ಇರುವ ಲೂಯಿ ಮಾಲ್‌ರ ‘ಮೈ ಡಿನ್ನರ್ ವಿತ್ ಆಂದ್ರೆ’ಗೆ ಜನ ಬರುವಂತಾದದ್ದರಲ್ಲಿ ಇವರ ಪಾಲು ದೊಡ್ಡದು.

1982ರಲ್ಲಿ ಕರಾರಿನ ವಿಷಯದಲ್ಲಿ ವಾಹಿನಿಯೊಂದಿಗೆ ಹೊಂದಾಣಿಕೆಯಾಗದೆ ಇಬ್ಬರೂ ವಾಣಿಜ್ಯ ಟೆಲಿವಿಷನ್ನಿಗೆ ಹೋದರು. ಹೆಸರು, ಹಣ ಎರಡೂ ಬಂದವು. ಪ್ರಸಿದ್ಧವಾದ ಹೆಬ್ಬೆರಳು ಹುಟ್ಟಿದ್ದು ಅಲ್ಲಿ, 1986ರಲ್ಲಿ. ಸಾರ್ವಜನಿಕ ವಾಹಿನಿಯ ಕಾಲದಲ್ಲಿ ಇದ್ದದ್ದು ಬರೀ ‘ಹೌದು’, ‘ಇಲ್ಲ’. 1990ರಲ್ಲಿ ವಿಮರ್ಶಕ ರಿಚರ್ಡ್ ಕಾರ್ಲಿಸ್ ‘ಫಿಲ್ಮ್ ಕಾಮೆಂಟ್’ ಪತ್ರಿಕೆಯಲ್ಲಿ, ಈ ಹೆಬ್ಬೆರಳು ವಿಮರ್ಶೆಯ ಭವಿಷ್ಯವನ್ನೇ ಒತ್ತಿಹಾಕುತ್ತಿದೆ ಎಂಬರ್ಥದಲ್ಲಿ ಬರೆದರು. ಈಬರ್ಟ್ ಅಲ್ಲೇ ಉತ್ತರಿಸಿ, ತಮ್ಮ ಕಾರ್ಯಕ್ರಮ ಆಳವಾದ ವಿಮರ್ಶೆಯಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡರು. ಕಾರ್ಲಿಸ್ ಮಾತಿನಲ್ಲಿ ಹುರುಳಿದೆ. ಇಂದಿನ ನಕ್ಷತ್ರಗಳ ಲೆಕ್ಕ, ಶೇಕಡಾವಾರು ಅಂಕಗಳೆಲ್ಲ ಅದೇ ಹೆಬ್ಬೆರಳಿನ ಸಂತತಿ. ಆದರೂ ನನ್ನ ಒಲವು ಈಬರ್ಟ್ ಕಡೆಗೆ. ಅಂಕದ ಜೊತೆಗೆ ಅಲ್ಲಿ ಒಂದು ಭಿನ್ನಮತ ಇರುತ್ತಿತ್ತು. ನೋಡುಗ ತಾನೇ ತೀರ್ಪು ಕೊಡಬೇಕಾಗುತ್ತಿತ್ತು. ಈಗ ಅಂಕ ಉಳಿದಿದೆ, ಪಕ್ಕದ ಕುರ್ಚಿ ಖಾಲಿ.

ಸಿಸ್ಕೆಲ್ 1999ರಲ್ಲಿ ತೀರಿಕೊಂಡರು. ಕ್ಯಾನ್ಸರ್ ಶಸ್ತ್ರಚಿಕಿತ್ಸೆಗಳಿಂದಾಗಿ 2006ರಲ್ಲಿ ಈಬರ್ಟ್ ದನಿ ಕಳೆದುಕೊಂಡರು. ಬರವಣಿಗೆ ನಿಲ್ಲಲಿಲ್ಲ. 2011ರಲ್ಲಿ, ಪತ್ನಿ ಚಾಜ್ ಜೊತೆ ನಿರ್ಮಾಪಕರಾಗಿ, ಹೊಸ ಕಾರ್ಯಕ್ರಮವೊಂದನ್ನು ಅದೇ ಡಬ್ಲ್ಯೂಟಿಟಿಡಬ್ಲ್ಯೂ ಸ್ಟುಡಿಯೋದಿಂದ ಸಾರ್ವಜನಿಕ ವಾಹಿನಿಗಳಿಗೆ ತಂದರು. ಬಾಲ್ಕನಿಯಲ್ಲಿ ಕೂತವರು ಇಬ್ಬರು ಎಳೆಯ ವಿಮರ್ಶಕರು. ಈಬರ್ಟ್‌ಗೆಂದು ಒಂದು ಚಿಕ್ಕ ಭಾಗವಿತ್ತು. ಅವರು ಬರೆದದ್ದನ್ನು ಕಂಪ್ಯೂಟರ್ ದನಿಯೋ ಬೇರೆಯವರೋ ಓದುತ್ತಿದ್ದರು. ಸಾಕಷ್ಟು ಪ್ರಾಯೋಜಕರು ಸಿಗದೆ ಒಂದೇ ವರ್ಷದಲ್ಲಿ ಕಾರ್ಯಕ್ರಮ ನಿಂತುಹೋಯಿತು.