ಬಳ್ಳಿಗಾವೆಯ ಕಲ್ಲುಗಳ ಮೇಲಣ ಆಕಾಶ

ಶಿಕಾರಿಪುರದ ಸೀಮೆಯಿಂದ ಸೊರಬದ ಸೀಮೆಯವರೆಗೆ, ಎಂದರೆ ತಾಳಗುಂದ ಬಳ್ಳಿಗಾವೆಗಳಿಂದ ತೊಡಗಿ ಕುಪ್ಪಟೂರು ಚಂದ್ರಗುತ್ತಿಗಳ ತನಕ, ಕೆರೆಯೇರಿಯ ಮೇಲೆ, ಗದ್ದೆಯ ಬದುವಿನಲ್ಲಿ, ಗುಡಿಯ ಅಂಗಳದಲ್ಲಿ ನಿಂತೋ ಒರಗಿಯೋ ಇರುವ ಶಾಸನದ ಕಲ್ಲುಗಳನ್ನೂ ವೀರಗಲ್ಲುಗಳನ್ನೂ ನೋಡುತ್ತ ಬಂದವರಿಗೆ, ಬರೆಹ ಯಾವ ಅರಸನದೇ ಆಗಿರಲಿ, ಧರ್ಮ ಶೈವವೋ ಜೈನವೋ ಆಗಿರಲಿ, ಕಲ್ಲಿನ ನೆತ್ತಿಯಲ್ಲಿ ಮತ್ತೆ ಮತ್ತೆ ಕಾಣಬರುವ ಎರಡು ರೂಪಗಳುಂಟು: ಒಂದು ಕಡೆ ಸೂರ್ಯನ ದುಂಡುಬಿಂಬ, ಇನ್ನೊಂದು ಕಡೆ ಚಂದ್ರನ ಎಳೆಗೋಡು. ಶೈವದಾನದ ಕಲ್ಲಾದರೆ ನಡುವೆ ಲಿಂಗ, ಅದನ್ನು ಪೂಜಿಸುವ ಯತಿ, ಬದಿಯಲ್ಲಿ ನಂದಿ, ಕರುವಿಗೆ ಮೊಲೆಯೂಡುವ ಹಸು. ಇವುಗಳನ್ನೆಲ್ಲ ಕಲಾವಿದನು ಬಗೆಬಗೆಯಾಗಿ ಅಲಂಕರಿಸಿದ್ದರೂ ಸೂರ್ಯಚಂದ್ರರನ್ನು ಮಾತ್ರ ಉಳಿಯ ಕೆಲವೇ ಪೆಟ್ಟುಗಳಲ್ಲಿ, ಯಾವ ಆಡಂಬರವೂ ಇಲ್ಲದೆ ಮೂಡಿಸಿದ್ದಾನೆ. ಅವು ಅಲ್ಲಿರುವುದು ಶೋಭೆಗಾಗಿ ಅಲ್ಲ, ಸಾಕ್ಷಿಗಾಗಿ. ಕೊಟ್ಟ ಭೂಮಿ, ಬಿಟ್ಟ ಸುಂಕ, ಕಟ್ಟಿದ ಸತ್ರ ಇವೆಲ್ಲವೂ ಸೂರ್ಯಚಂದ್ರರೂ ತಾರೆಗಳೂ ಇರುವವರೆಗೆ ನಡೆಯಲೆಂಬ ಕಟ್ಟಳೆಯನ್ನು ಅಕ್ಷರವರಿಯದ ಒಕ್ಕಲಿಗನೂ ಆ ಎರಡು ರೂಪಗಳಿಂದ ತಿಳಿದುಕೊಳ್ಳುತ್ತಿದ್ದನು. ನೆಲದ ಮೇಲಣ ವ್ಯವಹಾರಕ್ಕೆ ಆಕಾಶವನ್ನು ಹೊಣೆಯಾಗಿ ನಿಲ್ಲಿಸಿದ ಈ ಪದ್ಧತಿ ನಮ್ಮ ಪೂರ್ವಿಕರ ಕಲ್ಪನೆಗಳಲ್ಲಿ ಅತ್ಯಂತ ಉದಾತ್ತವಾದುದೆಂದು ನನ್ನ ನಂಬುಗೆ.

ಬಿ. ಎಲ್. ರೈಸ್ ಅವರು ಶಿಕಾರಿಪುರದ ಶಾಸನಗಳನ್ನು 1902ರಲ್ಲಿಯೂ ಸೊರಬದವನ್ನು 1904ರಲ್ಲಿಯೂ ‘ಎಪಿಗ್ರಾಫಿಯಾ ಕರ್ನಾಟಿಕ’ದ ಏಳನೆಯ, ಎಂಟನೆಯ ಸಂಪುಟಗಳಲ್ಲಿ ಅಚ್ಚು ಹಾಕಿಸಿದ ಮೇಲೆ ಈ ಸೀಮೆಯ ಹನ್ನೊಂದನೆಯ ಶತಮಾನವು ನಮ್ಮ ಕಣ್ಣಮುಂದೆ ಬಂದು ನಿಂತಂತಾಯಿತು. ಅದು ಬಳ್ಳಿಗಾವೆಯ ಮಹೋನ್ನತಿಯ ಕಾಲ. ಕಲ್ಯಾಣದ ಚಾಲುಕ್ಯ ಆಹವಮಲ್ಲ ಸೋಮೇಶ್ವರನು ಆಳುತ್ತಿದ್ದನು. ಬನವಾಸಿ ಹನ್ನೆರಡು ಸಾಸಿರಕ್ಕೆ ಬಳ್ಳಿಗಾವೆಯೇ ರಾಜಧಾನಿ. ಮಹಾಮಂಡಲೇಶ್ವರ ಚಾವುಂಡರಾಯನು 1047ರಲ್ಲಿ ನಿಲ್ಲಿಸಿದ ಗಂಡಭೇರುಂಡದ ಕಂಬವು ಸುಮಾರು 30 ಅಡಿಯ ಎತ್ತರದಲ್ಲಿ ಇಂದಿಗೂ ಅಲ್ಲಿ ನಿಂತಿದೆ. 1065ರಲ್ಲಿ ದಂಡನಾಯಕ ರೂಪಭಟ್ಟಯ್ಯನು ಅದೇ ಊರಿನಲ್ಲಿ ಬೌದ್ಧವಿಹಾರವೊಂದನ್ನು ಕಟ್ಟಿಸಿದನು. ಹರಿ, ಹರ, ಕಮಲಾಸನ, ವೀತರಾಗ, ಬುದ್ಧ ಈ ಐವರ ಮಠಗಳೂ ಒಂದೇ ಪಟ್ಟಣದಲ್ಲಿ ಒಬ್ಬರಿಗೊಬ್ಬರು ಎಡೆಗೊಟ್ಟು ಬಾಳಿದ ಸಂಗತಿಯನ್ನು ನೆನೆದಾಗ ಮನಸ್ಸು ಹಿಗ್ಗುತ್ತದೆ.

ಆ ಕಂಬಕ್ಕೂ ಈ ವಿಹಾರಕ್ಕೂ ನಡುವಣ ಶಕವರ್ಷ 976ರಲ್ಲಿ, ಜಯಸಂವತ್ಸರದ ಆಷಾಢದಲ್ಲಿ, ಬಳ್ಳಿಗಾವೆಯವರು ತಮ್ಮ ಕಲ್ಲುಗಳಿಗೆ ಸಾಕ್ಷಿಯಾಗಿ ಕರೆದಿದ್ದ ತಾರಾಮಂಡಲದಲ್ಲಿಯೇ ಒಂದು ಮರಣವು ಲೋಕಕ್ಕೆ ಗೋಚರವಾಯಿತು. ಕ್ರಿ. ಶ. 1054ರ ಜುಲೈ 4ರಂದು, ವೃಷಭರಾಶಿಯಲ್ಲಿ, ರೋಹಿಣಿಯಿಂದ ಮೂಡಣಕ್ಕೆ, ಮೃಗಶಿರೆಯಿಂದ ಬಡಗಣಕ್ಕೆ, ಹಿಂದೆಂದೂ ಇಲ್ಲದ ತಾರೆಯೊಂದು ಸೂರ್ಯೋದಯಕ್ಕೆ ಮೊದಲು ಉಜ್ಜ್ವಲವಾಗಿ ಮೂಡಿದುದನ್ನು ಚೀನಾದೇಶದ ಸುಂಗ್ ಅರಸರ ಜ್ಯೋತಿಷಿಗಳು ‘ಅತಿಥಿ ತಾರೆ’ಯೆಂದು ಕರೆದು ಬರೆದಿಟ್ಟರು. ಅದು 23 ದಿನಗಳ ಕಾಲ ಹಗಲಿನಲ್ಲಿಯೂ ಕಾಣುತ್ತಿದ್ದು, ಕ್ರಮೇಣ ಕುಂದುತ್ತ, 1056ರ ಏಪ್ರಿಲಿನವರೆಗೆ ಇರುಳಿನಲ್ಲಿ ಬರಿಗಣ್ಣಿಗೆ ಗೋಚರಿಸಿತು. ಬಾಗ್ದಾದಿನ ವೈದ್ಯ ಇಬ್ನ್ ಬುತ್ಲಾನನೂ ಅದನ್ನು ಉಲ್ಲೇಖಿಸಿದ್ದಾನೆ.

ಮಲೆನಾಡಿನ ಸೆರಗಿನ ಈ ಊರುಗಳ ಮೇಲೆ ಆ ದಿನಗಳಲ್ಲಿ ಕವಿದಿದ್ದುದು ಎಂತಹ ಆಕಾಶವೆಂಬುದನ್ನು ಇಲ್ಲಿಯ ರೈತನನ್ನು ಕೇಳಿದರೆ ಸಾಕು. ಸೂರ್ಯನು ಯಾವ ನಕ್ಷತ್ರದಲ್ಲಿರುವನೋ ಆ ನಕ್ಷತ್ರದ ಹೆಸರಿನಿಂದಲೇ ಮಳೆಯನ್ನು ಕರೆಯುವ ನಮ್ಮ ಲೆಕ್ಕದಂತೆ ಅದು ಪುಷ್ಯ ಮಳೆಯ ಕಾಲ. ಬೆಳಗಿನ ಜಾವದ ಮೂಡಣ ದಿಕ್ಕು ವಾರಗಟ್ಟಲೆ ಮೋಡದೊಳಗೆ ಮುಚ್ಚಿಹೋಗುವ ಕಾಲ. ಆದರೆ ಆಶ್ವಯುಜ ಕಾರ್ತಿಕಗಳಲ್ಲಿ ಮುಗಿಲು ತಿಳಿಯಾಗಿ ವೃಷಭರಾಶಿ ಮುಂಗತ್ತಲಿನ ಅನಂತರ ಮೇಲೇರುವಾಗ ಆ ತಾರೆ ಇನ್ನೂ ಅಲ್ಲಿಯೇ ಇದ್ದಿತು. ಇರುಳು ಕಣದಲ್ಲಿ ಕಾವಲು ಮಲಗುವವರೂ ಮಠದ ಅಂಗಳದಲ್ಲಿ ಪಾಠ ಹೇಳುವವರೂ ಆ ಆಕಾಶದ ಕೆಳಗೇ ಇದ್ದರೆಂಬುದನ್ನು ನಾವು ಮರೆಯಲಾಗದು.

ಶಾಸನದ ಪದ್ಧತಿಯಲ್ಲಾದರೋ ಇಂತಹ ಆಗಂತುಕನಿಗೆ ಸ್ಥಾನವಿರಲಿಲ್ಲ. ದಾನಕ್ಕೆ ಪುಣ್ಯಕಾಲವೆನಿಸಿದವು ಸೂರ್ಯಗ್ರಹಣ, ಚಂದ್ರಗ್ರಹಣ, ಉತ್ತರಾಯಣ ಸಂಕ್ರಮಣ, ವ್ಯತೀಪಾತ ಮೊದಲಾದವು. ಇವೆಲ್ಲವೂ ಗಣಿತಕ್ಕೆ ವಶವಾದ, ಪಂಚಾಂಗದಲ್ಲಿ ಮೊದಲೇ ತಿಳಿದುಬರುವ ಯೋಗಗಳು. ಲೆಕ್ಕಕ್ಕೆ ಸಿಕ್ಕದೆ ಬಂದುಹೋಗುವ ಧೂಮಕೇತು ಮುಂತಾದವನ್ನು ಆರನೆಯ ಶತಮಾನದ ವರಾಹಮಿಹಿರನು ‘ಬೃಹತ್ಸಂಹಿತೆ’ಯಲ್ಲಿ ಕೇತುಚಾರವೆಂದು ಬೇರೆಯೇ ವಿಂಗಡಿಸಿ, ಅವುಗಳ ಫಲಾಫಲವನ್ನು ವಿಚಾರಿಸಿದ್ದಾನೆ. ಶಾಶ್ವತವಾಗಲೆಂದು ಕೊಡುವ ದಾನವನ್ನು ನಿಯತವಾಗಿ ಮರಳಿ ಬರುವ ಗಗನವ್ಯಾಪಾರದೊಡನೆ ಕೂಡಿಸಿದವರು ಅನಿಯತವಾದುದನ್ನು ಕಲ್ಲಿನಿಂದ ದೂರವಿರಿಸಿದ್ದು ಅಜ್ಞಾನದಿಂದಲ್ಲ. ಅವರ ಧರ್ಮದ ದೃಷ್ಟಿಗೆ ಅದು ಸಹಜವೇ ಆಗಿದ್ದಿತು.

ಆ ತಾರೆಯೇನಾಯಿತು? ಸೂರ್ಯನಿಗಿಂತ ಹಲವು ಮಡಿ ಹಿರಿದಾದ ನಕ್ಷತ್ರವೊಂದು ತನ್ನ ಒಡಲಿನ ಇಂಧನವೆಲ್ಲ ತೀರಿ, ಗರ್ಭವು ತನ್ನ ಭಾರಕ್ಕೆ ತಾನೇ ಕುಸಿದು, ಹೊರಗಿನ ದ್ರವ್ಯವನ್ನು ಒಮ್ಮೆಗೇ ಸಿಡಿಸಿ ಎಸೆದ ಘಟನೆ ಅದು. ವಿಜ್ಞಾನಿಗಳು ಸೂಪರ್‌ನೋವಾ ಎನ್ನುವರು. ಅದರ ಅವಶೇಷವನ್ನು 1731ರಲ್ಲಿ ಇಂಗ್ಲೆಂಡಿನ ಜಾನ್ ಬೆವಿಸ್ ಕಂಡನು. 1758ರಲ್ಲಿ ಫ್ರಾನ್ಸಿನ ಮೆಸ್ಸಿಯೇ ಅದನ್ನು ಮತ್ತೆ ಕಂಡು ತನ್ನ ಪಟ್ಟಿಯ ಮೊದಲನೆಯದಾಗಿ ಬರೆದುಕೊಂಡನು. ಐರ್ಲೆಂಡಿನ ಲಾರ್ಡ್ ರಾಸ್ ಬರೆದ ಚಿತ್ರದಿಂದ ಅದಕ್ಕೆ ಏಡಿ ನೀಹಾರಿಕೆಯೆಂಬ ಹೆಸರಾಯಿತು. 1921ರಲ್ಲಿ ಅದು ಹಿಗ್ಗುತ್ತಿದೆಯೆಂದು ಛಾಯಾಚಿತ್ರಗಳಿಂದ ತಿಳಿದುಬಂದಿತು. ಆ ಹಿಗ್ಗುವಿಕೆಯನ್ನು ಹಿಂದಕ್ಕೆ ಎಣಿಸಿ 1054ರ ಅತಿಥಿಯೇ ಇದೆಂದು 1928ರಲ್ಲಿ ಹಬಲ್ ಸೂಚಿಸಿದನು. ಸುಮಾರು 6,500 ಜ್ಯೋತಿರ್ವರ್ಷಗಳಾಚೆ, 11 ಜ್ಯೋತಿರ್ವರ್ಷಗಳಷ್ಟು ವಿಸ್ತಾರವಾಗಿ, ಸೆಕೆಂಡಿಗೆ 1,500 ಕಿಲೋಮೀಟರ್ ವೇಗದಲ್ಲಿ ಅದು ಇನ್ನೂ ಹರಡುತ್ತಲಿದೆ. ದೊಡ್ಡ ದೂರದರ್ಶಕಗಳ ಚಿತ್ರಗಳಲ್ಲಿ ಅದರ ಹೊರಮೈ ಕೆಂಪು ಹಸುರುಗಳ ಎಳೆಗಳಿಂದ ಹೆಣೆದ ಬಲೆಯಾಗಿಯೂ, ಒಳಗು ನೀಲಿಯ ಮಂದಪ್ರಭೆಯಾಗಿಯೂ ಕಾಣುತ್ತದೆ. ಎಳೆಗಳು ಸಿಡಿದ ದ್ರವ್ಯ. ನೀಲಪ್ರಭೆಯು ಕಾಂತಕ್ಷೇತ್ರದಲ್ಲಿ ಸುಳಿಯುವ ಎಲೆಕ್ಟ್ರಾನುಗಳದು. ನಟ್ಟನಡುವೆ, ಸೆಕೆಂಡಿಗೆ ಸುಮಾರು 30 ಬಾರಿ ಸುತ್ತುವ ಪಲ್ಸಾರು, ಎಂದರೆ ಕುಸಿದ ಆ ಗರ್ಭ. ಅದು ಪತ್ತೆಯಾದುದು 1968ರಲ್ಲಿ. ಸತ್ತುದೆಂದು ಹೇಳುವ ವಸ್ತುವಿನ ಎದೆಯಲ್ಲಿ ಇಷ್ಟು ತೀವ್ರವಾದ ಚಲನೆಯಿರುವುದು ಅದ್ಭುತವೇ ಸರಿ.

ಎಲ್ಲ ನಕ್ಷತ್ರಗಳೂ ಹೀಗೆ ಸಿಡಿದು ಸಾಯುವುದಿಲ್ಲ. ನಮ್ಮ ಸೂರ್ಯನಂತಹವು ಮುಪ್ಪಿನಲ್ಲಿ ಉಬ್ಬಿ, ಅಡಕೆಯ ಮರವು ಹಣ್ಣಾದ ಹಾಳೆಯನ್ನು ಕಳಚಿಕೊಳ್ಳುವಂತೆ, ತಮ್ಮ ಹೊರಪದರಗಳನ್ನು ಮೆಲ್ಲಮೆಲ್ಲನೆ ಕಳಚುವುವು. ಒಳಗೆ ಉಳಿದ ಸುಡುಬಿಸಿಯ ತಿರುಳು ತನ್ನ ಅತಿನೇರಿಳೆ ಕಿರಣಗಳಿಂದ ಆ ಪದರಗಳನ್ನು ಬೆಳಗಿಸುವುದು. ಹರ್ಷೆಲನು ಇವುಗಳ ದುಂಡುಬಿಂಬವನ್ನು ಕಂಡು ಗ್ರಹೀಯ ನೀಹಾರಿಕೆಗಳೆಂದನಾದರೂ ಗ್ರಹಗಳಿಗೂ ಇವಕ್ಕೂ ಸಂಬಂಧವಿಲ್ಲ. 1864ರಲ್ಲಿ ಹಗಿನ್ಸನು ಇಂತಹ ಒಂದರ ಬೆಳಕನ್ನು ಪಟ್ಟಕದಿಂದ ಒಡೆದು ನೋಡಿದಾಗ ಕಾಮನಬಿಲ್ಲಿನ ಬಣ್ಣಗಳೆಲ್ಲ ಬಾರದೆ, ಹಸುರಿನ ಉಜ್ಜ್ವಲ ರೇಖೆ ಕಾಣಿಸಿಕೊಂಡಿತು. ಭೂಮಿಯಲ್ಲಿಲ್ಲದ ಹೊಸ ಮೂಲವಸ್ತುವಿನದು ಅದೆಂದು ಎಷ್ಟೋ ವರ್ಷ ಭಾವಿಸಿದ್ದರು. ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಆಮ್ಲಜನಕದ ಬೆಳಕೇ ಅದೆಂದು 1927ರಲ್ಲಿ ಬೋವೆನ್ ತೋರಿಸಿಕೊಟ್ಟನು. ನಾವು ಉಸಿರಾಡುವ ವಸ್ತುವೇ, ಅತ್ಯಂತ ವಿರಳವಾಗಿ ಹರಡಿದಾಗ, ಆ ಪಚ್ಚೆಯ ಕಾಂತಿಯನ್ನು ತಳೆಯುವುದು. ಹತ್ತಿಪ್ಪತ್ತು ಸಾವಿರ ವರ್ಷಗಳಲ್ಲಿ ಆ ಪದರಗಳು ಚೆದುರಿ, ಶ್ವೇತಕುಬ್ಜವೆನ್ನುವ ಆ ತಿರುಳೊಂದೇ ಉಳಿಯುವುದು. ನಕ್ಷತ್ರದ ಕೋಟ್ಯಂತರ ವರ್ಷಗಳ ಆಯುಸ್ಸಿನಲ್ಲಿ ಈ ಚೆಲುವಿನ ಕಾಲ ಎಷ್ಟು ಕಿರಿದು! ಇವುಗಳಲ್ಲಿ ನಮಗೆ ಸಮೀಪದ್ದೊಂದಾದ ಹೀಲಿಕ್ಸ್ ನೀಹಾರಿಕೆ ಸುಮಾರು 650 ಜ್ಯೋತಿರ್ವರ್ಷಗಳ ದೂರದಲ್ಲಿದೆ. ಎಂದರೆ, ವಿಜಯನಗರದ ಬುಕ್ಕರಾಯನ ಕಾಲದಲ್ಲಿ, ಮಾಧವಮಂತ್ರಿಯು ಚಂದ್ರಗುತ್ತಿಯ ಸೀಮೆಯನ್ನಾಳುತ್ತಿದ್ದ ದಿನಗಳ ಆಸುಪಾಸಿನಲ್ಲಿ ಹೊರಟ ಬೆಳಕು ಇಂದು ನಮ್ಮ ಕಣ್ಣನ್ನು ಸೇರುತ್ತಿದೆ.

ಈ ವಿದ್ಯೆಯಲ್ಲಿ ಕನ್ನಡನಾಡು ಹೊರಗಿನ ಪ್ರೇಕ್ಷಕನಾಗಿ ಉಳಿದಿಲ್ಲವೆಂಬುದು ಸಂತೋಷದ ಮಾತು. 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಿಳೆ ದೂರದರ್ಶಕವನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಹೊಸಕೋಟೆಯ ತಮ್ಮ ಪ್ರಯೋಗಶಾಲೆಯಲ್ಲಿ ಜೋಡಿಸಿದರು. ಆ ಸಂಸ್ಥೆಯ ಎನ್. ಕಾಮೇಶ್ವರ ರಾವ್ ಮತ್ತು ಸಂಗಡಿಗರು ಅದರ ಮೂಲಕ ಎನ್‌ಜಿಸಿ 40 ಎಂಬ ಗ್ರಹೀಯ ನೀಹಾರಿಕೆಯ ಸುತ್ತ, ಸಾಮಾನ್ಯ ಬೆಳಕಿಗೆ ಕಾಣದ ಪ್ರಭಾವಳಿಯೊಂದನ್ನು ಕಂಡುಹಿಡಿದು 2018ರಲ್ಲಿ ಪ್ರಕಟಿಸಿದರು. ಸಾಯುವ ನಕ್ಷತ್ರವು ಮೊದಲೇ ಚೆಲ್ಲಿದ್ದ ಹೈಡ್ರೋಜನ್ ಅಣುಗಳು ಹಾಗೆ ಬೆಳಗುತ್ತಿದ್ದುವು.

ಸೂರ್ಯಚಂದ್ರರನ್ನು ಕೆತ್ತಿದ ಆ ಉಳಿಯ ಕಬ್ಬಿಣವೂ ಭೂಮಿ ಹುಟ್ಟುವ ಮುನ್ನ ಸತ್ತ ನಕ್ಷತ್ರಗಳಲ್ಲಿ ಬೆಂದು ಬಂದುದೇ. ಬಳ್ಳಿಗಾವೆಯ ಶಿಲ್ಪಿ ಇದನ್ನರಿತಿರಲಿಲ್ಲವಾದರೂ, ಅವನ ಕಲ್ಲು ಇಂದಿನ ಖಗೋಳಜ್ಞರಿಗೆ ಪ್ರಯೋಜನಕ್ಕೆ ಬಂದಿದೆ. ಬೆಂಗಳೂರಿನ ಬಿ. ಎಸ್. ಶೈಲಜಾ ಮತ್ತು ಗೀತಾ ಕೈದಾಳ ಅವರು ಶಾಸನಗಳಲ್ಲಿರುವ ಗ್ರಹಣಾದಿ ಉಲ್ಲೇಖಗಳನ್ನು ಊರೂರಿನ ಸಂಪುಟಗಳಿಂದ ಆಯ್ದು, ಆಧುನಿಕ ಗಣಿತದೊಡನೆ ಹೋಲಿಸಿ ನೋಡಿದ್ದಾರೆ. ಇತಿಹಾಸಕಾರರು ಕಾಲನಿರ್ಣಯಕ್ಕೆ ಮಾತ್ರ ಬಳಸಿ ದಾಟಿಹೋಗುತ್ತಿದ್ದ ತಿಥಿ, ವಾರ, ನಕ್ಷತ್ರ, ಯೋಗಗಳ ಆ ಒಂದೆರಡು ಸಾಲುಗಳಿಗೆ ಹೀಗೆ ಎರಡನೆಯ ಬೆಲೆ ಬಂದಿದೆ. ಶಿಕಾರಿಪುರ ಸೊರಬಗಳ ಎಷ್ಟೋ ಕಲ್ಲುಗಳು ರೈಸ್ ಅವರ ಕಾಲದಿಂದಲೂ ಬಯಲಿನಲ್ಲಿ ಮಳೆಗೆ ನೆನೆಯುತ್ತ, ಹಾವಸೆ ಹಿಡಿದು, ಅಕ್ಷರ ಸವೆಯುತ್ತಿವೆ. ಕೆಲವಕ್ಕೆ ಎಣ್ಣೆ ಕುಂಕುಮದ ಪೂಜೆಯಾದರೂ ಉಂಟು, ಉಳಿದವಕ್ಕೆ ಅದೂ ಇಲ್ಲ. ಒಂದೊಂದು ಗ್ರಾಮದಲ್ಲಿಯೂ ಅವುಗಳ ಪಡಿಯಚ್ಚು ತೆಗೆದು, ಚಿತ್ರ ಹಿಡಿದು, ಒಂದು ಮಾಡಿನಡಿಯಲ್ಲಿ ನಿಲ್ಲಿಸುವ ಕೆಲಸವನ್ನು ಊರಿನವರೂ ಶಾಲೆಯ ಉಪಾಧ್ಯಾಯರೂ ಮುಂದಿನ ಮಳೆಗಾಲಕ್ಕೆ ಮೊದಲೇ ಕೈಗೊಳ್ಳಬೇಕು.